ಹಳೆಯ ಸ್ಪೋರ್ಟ್ಸ್ ಕಾರಿಗೆ ಹೊಸ ಟೈರುಗಳು

ಮಕ್ಕಳಿಗೆ ಅಕ್ಷರ ಕಲಿಸುತ್ತ ಆಯುಷ್ಯವನ್ನು ಕಳೆದ ನಮಗೂ ವೇಗವಾಗಿ ಓಡುವ ಕಾರುಗಳಿಗೂ ಏನು ಸಂಬಂಧವೆಂದು ನಮ್ಮ ಓದುಗರು ಕೇಳಬಹುದು. ಕೇಳುವುದು ನ್ಯಾಯವೇ. ಕಾರನ್ನು ನಡೆಸುವ ವಿದ್ಯೆ ನಮಗೆ ಇಂದಿಗೂ ಬಾರದು. ಆದರೂ ಈ ತಿಂಗಳ ಪುಟವನ್ನು ಟೈರುಗಳಿಗಾಗಿ ಮೀಸಲಿಡಲು ಬಲವಾದ ಕಾರಣವೊಂದುಂಟು. ಅದನ್ನು ಮೊದಲು ನಿವೇದಿಸುತ್ತೇವೆ.

೨೦೨೪ನೆಯ ನವೆಂಬರಿನಲ್ಲಿ ನಾವು ಅಮೆರಿಕದ ಸ್ಯಾನ್ ಹೊಸೆ ನಗರದಲ್ಲಿ ಮಗನ ಮನೆಯಲ್ಲಿದ್ದೆವು. ಅವನಲ್ಲಿ ೧೯೯೪ರ ಮಾಜ್ದಾ ಮಿಯಾಟಾ ಎಂಬ ಸಣ್ಣ ಸ್ಪೋರ್ಟ್ಸ್ ಕಾರುಂಟು. ಜಪಾನಿನ ಹಿರೋಷಿಮಾದಲ್ಲಿ ತಯಾರಾದುದು. ಇಬ್ಬರಿಗೆ ಮಾತ್ರ ಆಸನ. ಬಟ್ಟೆಯ ಮುಚ್ಚಿಗೆಯನ್ನು ಹಿಂದಕ್ಕೆ ಮಡಿಸಿದರೆ ಆಕಾಶವೇ ಚಾವಣಿ. ಎರಡು ವರ್ಷಗಳ ಹಿಂದೆ ಒಬ್ಬ ವೃದ್ಧರಿಂದ ಅದನ್ನು ಕೊಂಡಿದ್ದನು. ವೃದ್ಧರಂತೆಯೇ ಇವನೂ ಭಾನುವಾರದ ಬೆಳಗ್ಗೆ ಮಾತ್ರ ಅದನ್ನು ಹೊರಗೆ ತೆಗೆಯುತ್ತಿದ್ದನು. ಉಳಿದ ಆರು ದಿನವೂ ಅದಕ್ಕೆ ಷೆಡ್ಡಿನಲ್ಲಿ ನಿದ್ರೆ.

ಅಂತಹ ಒಂದು ಭಾನುವಾರ ಒಂಬತ್ತು ವರ್ಷದ ನಮ್ಮ ಮೊಮ್ಮಗಳನ್ನು ಸಂಗೀತದ ಪಾಠದಿಂದ ಕರೆತರುವುದಕ್ಕಾಗಿ ಮಗನು ಈ ಕಾರಿನಲ್ಲಿ ಹೋದನು. ಬೇಸಗೆಯೆಲ್ಲ ಒಣಗಿದ್ದ ರಸ್ತೆಗೆ ಆ ದಿನ ಮೊದಲ ಮಳೆ ಬಿದ್ದಿತ್ತು. ಮನೆಗೆ ಹಿಂದಿರುಗುವ ತಿರುವಿನಲ್ಲಿ, ಹೆಚ್ಚಿನ ವೇಗವೇನೂ ಇಲ್ಲದಿರುವಾಗ, ಕಾರಿನ ಹಿಂಭಾಗವು ಜಾರಿ ಗಾಡಿಯು ಅರ್ಧ ಸುತ್ತು ತಿರುಗಿ, ಬಂದ ದಿಕ್ಕಿಗೇ ಮುಖಮಾಡಿ ನಿಂತಿತು. ಎದುರಿನಿಂದ ಯಾವ ವಾಹನವೂ ಬರುತ್ತಿರಲಿಲ್ಲವಾಗಿ ಯಾರಿಗೂ ಪೆಟ್ಟಾಗಲಿಲ್ಲ. “ತಾತ, ನಮ್ಮ ಕಾರು ಬುಗುರಿಯ ಹಾಗೆ ತಿರುಗಿತು!” ಎಂದು ಮಗು ನಗುತ್ತ ಬಂದಿತು. ಸೊಸೆಯು ನಗಲಿಲ್ಲ.

ಮರುದಿನ ಟೈರಿನ ಅಂಗಡಿಗೆ ನಾವೂ ಜತೆಗೆ ಹೋದೆವು. ಅಲ್ಲಿಯವನು ಟ್ರೆಡ್ಡಿನ ಗೆರೆಗಳ ಆಳವನ್ನು ಅಳೆದು, “ಚೆನ್ನಾಗಿವೆ, ಇನ್ನೆರಡು ವರ್ಷ ಓಡಿಸಬಹುದು” ಎಂದನು. ಅವನು ಅಳೆದುದರಲ್ಲಿ ತಪ್ಪಿರಲಿಲ್ಲ. ನಮ್ಮ ದೇಶದ ಕಾನೂನು ಕಾರಿನ ಟೈರಿಗೆ ೧.೬ ಮಿಲಿಮೀಟರ್ ಆಳ ಸಾಕೆನ್ನುತ್ತದೆ. ಇಲ್ಲಿ ೫ ಮಿಲಿಮೀಟರಿಗೂ ಮೀರಿ ಇದ್ದಿತು. ಆದರೆ ಬರೆದುದನ್ನು ಕಂಡರೆ ಓದದೆ ಬಿಡಲಾರದ ಮೇಷ್ಟರ ಚಾಳಿಯಿಂದ ನಾವು ಕನ್ನಡಕವನ್ನೇರಿಸಿ ಟೈರಿನ ಪಾರ್ಶ್ವವನ್ನು ಓದತೊಡಗಿದೆವು. ಒಂದು ಮೂಲೆಯಲ್ಲಿ ‘೨೩೦೯’ ಎಂಬ ನಾಲ್ಕು ಅಂಕಿಗಳಿದ್ದುವು. ಇದೇನೆಂದು ಮಗನನ್ನು ಕೇಳಿದೆವು. ಅವನು ನೋಡಿ, ಮುಖ ಸಣ್ಣದು ಮಾಡಿಕೊಂಡು, “ಅಪ್ಪ, ಇದು ಹುಟ್ಟಿದ ದಿನ” ಎಂದನು.

೨೦೦೦ದಿಂದೀಚೆಗೆ ತಯಾರಾದ ಟೈರುಗಳಲ್ಲಿ ಮೊದಲೆರಡು ಅಂಕಿಗಳು ವಾರವನ್ನೂ ಕಡೆಯ ಎರಡು ವರ್ಷವನ್ನೂ ತಿಳಿಸುತ್ತವೆ. ಅಂದರೆ ಇದು ೨೦೦೯ನೆಯ ಇಸವಿಯ ೨೩ನೆಯ ವಾರದ ಟೈರು. ಹದಿನೈದು ವರ್ಷಗಳನ್ನು ಮೀರಿದುದು. ಮೂರು ಅಂಕಿಗಳು ಮಾತ್ರ ಇದ್ದರೆ ಆ ಟೈರು ೨೦೦೦ಕ್ಕಿಂತ ಹಿಂದಿನದು. ಅದರ ವಿಷಯದಲ್ಲಿ ಚರ್ಚೆಯೇ ಬೇಡ.

ಹಳೆಯ ಸ್ಪೋರ್ಟ್ಸ್ ಕಾರಿನ ಟೈರು ಸಾಮಾನ್ಯವಾಗಿ ಸವೆದು ಸಾಯುವುದಿಲ್ಲ, ಮುಪ್ಪಿನಿಂದ ಸಾಯುತ್ತದೆ. ಗಾಳಿಯಲ್ಲಿರುವ ಆಮ್ಲಜನಕ ಮತ್ತು ಓಝೋನುಗಳೂ ಬಿಸಿಲಿನ ತಾಪವೂ ರಬ್ಬರನ್ನು ಬಿರುಸುಮಾಡುತ್ತವೆ. ಇದನ್ನು ತಡೆಯುವುದಕ್ಕಾಗಿ ರಬ್ಬರಿನಲ್ಲಿ ಮೇಣದಂತಹ ದ್ರವ್ಯಗಳನ್ನು ಬೆರಸಿರುತ್ತಾರೆ. ಚಕ್ರವು ಉರುಳುತ್ತ ಟೈರು ಬಾಗಿ ಬಳುಕಿದಾಗ ಇವು ಮೇಲಕ್ಕೆ ಬಂದು ಕವಚವಾಗುತ್ತವೆ. ನಿಂತೇ ಇರುವ ಕಾರಿಗೆ ಈ ರಕ್ಷಣೆಯೂ ಕಡಮೆ. ಆದುದರಿಂದ ಅತಿ ಜೋಪಾನವಾಗಿಟ್ಟ ಕಾರಿನಲ್ಲಿಯೇ, ಗೆರೆಗಳು ಹೊಸದರಂತೆ ಕಾಣುತ್ತಿರುವಾಗಲೇ, ರಸ್ತೆಯನ್ನು ಹಿಡಿಯುವ ಶಕ್ತಿ ಹೋಗಿರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆ ಇಲ್ಲಿ ಕರ್ರಗಿರುವ ವಸ್ತುವಿಗೂ ಸಲ್ಲುತ್ತದೆ.

೨೦೧೩ನೆಯ ನವೆಂಬರ್ ೩೦ರಂದು ಅದೇ ಪ್ರಾಂತದ ಸಾಂಟಾ ಕ್ಲಾರಿಟಾದಲ್ಲಿ ಚಿತ್ರನಟ ಪಾಲ್ ವಾಕರ್ ಅವರೂ ಅವರ ಮಿತ್ರರೂ ೨೦೦೫ರ ಪೋರ್ಷೆ ಕರೇರಾ ಜಿಟಿ ಕಾರಿನಲ್ಲಿ ಮಡಿದರು. ವಿಚಾರಣೆ ನಡೆಸಿದ ಅಧಿಕಾರಿಗಳು ಮುಖ್ಯ ಕಾರಣವು ಅತಿವೇಗವೆಂದರು; ಆದರೆ ಟೈರುಗಳಿಗೆ ಒಂಬತ್ತು ವರ್ಷವಾಗಿದ್ದಿತೆಂಬುದನ್ನೂ ಎತ್ತಿ ಹೇಳಿದರು. ಆರು ವರ್ಷಕ್ಕೆ ಟೈರುಗಳನ್ನು ಬದಲಿಸಿರೆಂದು ಹಲವು ಕಾರು ತಯಾರಕರೂ, ಹತ್ತು ವರ್ಷದ ಮೇಲೆ ಸರ್ವಥಾ ಕೂಡದೆಂದು ಹಲವು ಟೈರು ತಯಾರಕರೂ ಹೇಳುತ್ತಾರೆ.

ಹಳೆಯವು ಬೇಡವೆಂದಾಯಿತು, ಹೊಸವು ಯಾವುವು? ಇಲ್ಲಿ ಮಗನ ಉತ್ಸಾಹವು ಇನ್ನೊಂದು ದಿಕ್ಕಿಗೆ ಹರಿಯಿತು. ಪಂದ್ಯದ ಮೈದಾನಕ್ಕೆಂದು ಮಾಡಿದ, ಅಂಟುವಂತಹ ಮೃದುವಾದ ಅಗಲ ಟೈರುಗಳು ಅವನಿಗೆ ಬೇಕಾಗಿದ್ದುವು. ಅಮೆರಿಕದಲ್ಲಿ ಮಾರುವ ಟೈರುಗಳ ಪಾರ್ಶ್ವದಲ್ಲಿ ಸವೆತದ ಅಂಕವೊಂದನ್ನು ಅಚ್ಚು ಹಾಕಿರುತ್ತಾರೆ. ಅಂಕ ಹೆಚ್ಚಿದಷ್ಟೂ ಬಾಳಿಕೆ ಹೆಚ್ಚು. ಇವನು ಬಯಸಿದ್ದು ೨೦೦ರ ಅಂಕದ್ದು. ಇಂತಹವು ಬಿಸಿಯೇರಿದ ಮೇಲೆ ಚೆನ್ನಾಗಿ ಹಿಡಿಯುತ್ತವೆ. ತಣ್ಣನೆಯ ಬೆಳಗ್ಗೆ, ಸುಮಾರು ಒಂದು ಟನ್ನಿನ ಹಗುರವಾದ ಕಾರಿನ ಅಡಿಯಲ್ಲಿ, ಬಿಸಿಯಾಗುವುದೇ ಕಷ್ಟ. ಗೆರೆಗಳು ಆಳವಿಲ್ಲವಾಗಿ ಮಳೆಯ ನೀರನ್ನು ಹೊರದೂಡುವ ಶಕ್ತಿಯೂ ಅಲ್ಪ. ಹಾಗೆಯೇ, ಇಷ್ಟು ಹಳೆಯ ಕಾರಿನ ಸ್ಟೀರಿಂಗು ಸ್ಪ್ರಿಂಗುಗಳನ್ನು ಆ ಕಾಲದ ಟೈರಿನ ಗುಣಕ್ಕೆ ಹೊಂದಿಸಿ ರಚಿಸಿರುತ್ತಾರೆ. ಮೆಲ್ಲಗೆ ಸೂಚನೆ ಕೊಟ್ಟು ಜಾರುವ ಟೈರಿನಿಂದ ಚಾಲಕನಿಗೆ ಎಚ್ಚರವಾಗುತ್ತದೆ; ಕಡೆಯವರೆಗೂ ಹಿಡಿದು ತಟ್ಟನೆ ಕೈಬಿಡುವುದು ಅಪಾಯಕರ. ಔಚಿತ್ಯವೇ ಕಾವ್ಯಕ್ಕೆ ಜೀವವೆಂಬುದು ಕ್ಷೇಮೇಂದ್ರನ ಸಿದ್ಧಾಂತ. ಅದು ಕಾವ್ಯಕ್ಕೆ ಮಾತ್ರ ಮೀಸಲಾದ ತತ್ತ್ವವೆಂದು ನಮಗೆ ತೋರುವುದಿಲ್ಲ.

ಅಳತೆಯ ವಿಷಯದಲ್ಲಿ ನಮ್ಮ ಲೆಕ್ಕದ ಪಾಠವು ಪ್ರಯೋಜನಕ್ಕೆ ಬಂದಿತು. ಈ ಕಾರಿನ ಮೂಲ ಅಳತೆ ೧೮೫/೬೦ ಆರ್ ೧೪. ಎಂದರೆ ಟೈರಿನ ಅಗಲ ೧೮೫ ಮಿಲಿಮೀಟರ್. ಪಾರ್ಶ್ವದ ಎತ್ತರ ಅದರ ನೂರಕ್ಕೆ ೬೦, ಎಂದರೆ ೧೧೧. ರಿಮ್ಮಿನ ವ್ಯಾಸ ೧೪ ಅಂಗುಲ. ಒಟ್ಟು ವ್ಯಾಸ ಸುಮಾರು ೫೭೮ ಮಿಲಿಮೀಟರ್. ೧೪ ಅಂಗುಲದಲ್ಲಿ ಒಳ್ಳೆಯ ಟೈರುಗಳು ಈಗ ವಿರಳ. ೧೯೫/೫೦ ಆರ್ ೧೫ ಎಂಬುದನ್ನು ಲೆಕ್ಕ ಹಾಕಿದರೆ ವ್ಯಾಸ ೫೭೬. ವ್ಯತ್ಯಾಸವು ಎರಡೇ ಮಿಲಿಮೀಟರಾದುದರಿಂದ ವೇಗಸೂಚಕದ ಮುಳ್ಳು ಸುಳ್ಳು ಹೇಳುವುದಿಲ್ಲ. ಕಾರಿಗೆ ಸರಿಹೊಂದುವ ೧೫ ಅಂಗುಲದ ರಿಮ್ಮುಗಳನ್ನು ಕೊಂಡರೆ ಆಯ್ಕೆಯೂ ವಿಸ್ತಾರವಾಗುತ್ತದೆ. ಪಕ್ಕದಲ್ಲಿರುವ ‘೮೨’ ಎಂಬುದು ಒಂದೊಂದು ಟೈರು ೪೭೫ ಕಿಲೋಗ್ರಾಮ್ ಹೊರಬಲ್ಲದೆಂಬುದಕ್ಕೂ, ‘ಎಚ್’ ಎಂಬ ಅಕ್ಷರವು ಗಂಟೆಗೆ ೨೧೦ ಕಿಲೋಮೀಟರ್ ವೇಗದವರೆಗೆ ತಡೆಯುವುದೆಂಬುದಕ್ಕೂ ಗುರುತು. ಮೂಲದಲ್ಲಿದ್ದುದಕ್ಕಿಂತ ಕಡಮೆಯವನ್ನು ಕೊಳ್ಳಕೂಡದು. ಇನ್ನೂ ಹಳೆಯ ಕಾರುಳ್ಳವರು ನಿರಾಶರಾಗಬೇಕಾದುದಿಲ್ಲ. ಮಿಷೆಲಿನ್, ಪಿರೆಲ್ಲಿ ಮೊದಲಾದವರು ಹಿಂದಿನ ಅಳತೆಗಳಲ್ಲಿ ಇಂದಿಗೂ ಟೈರುಗಳನ್ನು ಒದಗಿಸುತ್ತಾರೆ.

“ಸದ್ಯಕ್ಕೆ ಎರಡನ್ನು ಹಾಕಿಸಿದರೆ ಸಾಲದೆ?” ಎಂದು ಮಗನು ಕೇಳಿದನು. ಎರಡನ್ನೇ ಹಾಕಿಸುವವರು ಹೊಸವನ್ನು ಹಿಂದಿನ ಚಕ್ರಗಳಿಗೆ ಹಾಕಿಸಬೇಕೆಂಬುದು ನಿಯಮ. ಹಿಂಭಾಗ ಜಾರಿದರೆ ಸಂಭಾಳಿಸುವುದು ಕಠಿನ. ಆದರೆ ನಾಲ್ಕೂ ಒಂದೇ ವಯಸ್ಸಿನವಾಗಿರುವಾಗ ಈ ಪ್ರಶ್ನೆಗೆ ಎಡೆಯೆಲ್ಲಿ? ಸೊಸೆಯು ಆಡಿದ್ದು ಒಂದೇ ಮಾತು: “ಮಾವ, ಯಾವ ಎರಡು ಚಕ್ರದ ಮೇಲೆ ಮಗು ಕೂತಿರುತ್ತಾಳೆ ಅಂತ ಇವರನ್ನು ಕೇಳಿ.” ಮಗನು ಉತ್ತರ ಕೊಡಲಿಲ್ಲ. ಮಳೆಯಲ್ಲಿಯೂ ಬಿಸಿಲಿನಲ್ಲಿಯೂ ಸಲ್ಲುವ ಸಾಧಾರಣ ಜಾತಿಯ ನಾಲ್ಕು ಟೈರುಗಳನ್ನು, ಹುಟ್ಟಿದ ವಾರವನ್ನು ತಾನೇ ಓದಿ ನೋಡಿ, ಹಾಕಿಸಿಕೊಂಡು ಬಂದನು. ಹೊಸ ಟೈರಿನ ಮೈಮೇಲೆ ಅಚ್ಚಿನ ಜಿಡ್ಡು ಇರುವುದರಿಂದ ಮೊದಲ ಕೆಲವು ನೂರು ಕಿಲೋಮೀಟರ್ ಮೆಲ್ಲಗೆ ನಡೆಸಬೇಕೆಂಬುದನ್ನೂ ಪಾಲಿಸಿದನು.

ನಮ್ಮ ಓದುಗರಲ್ಲಿ ಸ್ಪೋರ್ಟ್ಸ್ ಕಾರುಳ್ಳವರು ಕೆಲವರೇ ಇರಬಹುದು. ಹಬ್ಬಕ್ಕೋ ಮದುವೆಗೋ ಮಾತ್ರ ಹೊರಡುವ ಕಾರನ್ನು ಷೆಡ್ಡಿನಲ್ಲಿಟ್ಟು, “ಓಡಿಯೇ ಇಲ್ಲ, ಟೈರು ಹೊಸದಾಗಿಯೇ ಇದೆ” ಎನ್ನುವವರು ಅನೇಕರಿದ್ದಾರೆ. ಅವರು ಇಂದು ಸಂಜೆ ಒಂದು ದೀಪವನ್ನು ಹಿಡಿದು, ಬಗ್ಗಿ, ಆ ನಾಲ್ಕು ಅಂಕಿಗಳನ್ನು ಓದಲಿ, ಸ್ಟೆಪ್ನಿಯದನ್ನೂ ಮರೆಯದಿರಲಿ. ಅಂಕಿಗಳು ಒಳಪಕ್ಕಕ್ಕಿದ್ದರೆ ಗಾಡಿಯ ಕೆಳಗೆ ತುಸು ತೆವಳಬೇಕಾದೀತು. ನಾವು ಅರುವತ್ತರಲ್ಲಿ ಮೊಣಕಾಲೂರಿದ್ದೇವೆ, ನಾಚಿಕೆಯೇನೂ ಆಗಲಿಲ್ಲ.