ಗಿಟಾರ್ ಅಟ್ಟಕ್ಕೆ ಹಾಕೋದು ಬೇಡ

ಪ್ಲೇಸ್‌ಮೆಂಟ್ ಆಗ್ತಿದ್ದ ಹಾಗೆ ಕಾಲೇಜು ಬ್ಯಾಂಡ್‌ಗಳು ಯಾಕೆ ನಿಂತುಹೋಗ್ತವೆ? ಸೀನಿಯರ್‌ಗಳನ್ನ ಕೇಳಿದ್ರೆ, "ಆಫೀಸು ಕಣ್ರೋ, ಟೈಮ್ ಎಲ್ಲಿದೆ?" ಅಂತಾರೆ. ಕೆಲಸ ಇಲ್ಲವೇ ಸಂಗೀತ, ಎರಡರಲ್ಲಿ ಒಂದೇ ಅಂತ ನಾವೂ ನಂಬಿಬಿಟ್ಟಿದ್ದೀವಿ.

ರಘು ದೀಕ್ಷಿತ್ ಮೈಸೂರಲ್ಲಿ ಮೈಕ್ರೋಬಯಾಲಜಿ ಓದಿ, ಬೆಲ್ಜಿಯಂನಲ್ಲಿ ಔಷಧ ಕಂಪನಿಯ ಕೆಲಸಕ್ಕೆ ಹೋದವರು. ಅಲ್ಲೂ ಹಾಡೋದು ಬಿಡಲಿಲ್ಲ. ಅವರ ಮೊದಲ ಆಲ್ಬಂ ಬಂದಿದ್ದು 2008ರಲ್ಲಿ. ಅವರು ಕೆಲಸ ಬಿಟ್ಟ ಕತೆ ಎಲ್ಲರಿಗೂ ಗೊತ್ತು. ಕೆಲಸದ ಜೊತೆಗೇ ಹಾಡಿದ ಕತೆ ನಮಗೆ ಹೆಚ್ಚು ಬೇಕು.

ಯಾಕಂದ್ರೆ ಎಲ್ಲರೂ ಕೆಲಸ ಬಿಡೋಕಾಗಲ್ಲ, ಬಿಡಬೇಕಾಗೂ ಇಲ್ಲ. ಸಂಬಳ ಬಂದ್ರೆ ಜಾಮ್ ರೂಮಿನ ಬಾಡಿಗೆ ನಾವೇ ಕೊಡಬಹುದು. ಪಬ್‌ನವರು ಕೇಳಿದ ಹಾಡನ್ನೇ ನುಡಿಸಬೇಕು ಅನ್ನೋ ಹಂಗಿಲ್ಲ. ಸ್ವಂತ ಕನ್ನಡ ಹಾಡು ಕಟ್ಟೋ ಧೈರ್ಯ ಅಲ್ಲಿಂದಲೇ ಬರುತ್ತೆ.

ಸುಸ್ತಾಗುತ್ತೆ, ನಿಜ. ಆದ್ರೆ 2023ರ ಅಕ್ಟೋಬರ್‌ನಿಂದ ನೇರಳೆ ಮೆಟ್ರೋ ವೈಟ್‌ಫೀಲ್ಡಿನಿಂದ ಕೆ.ಆರ್. ಪುರ ದಾಟಿ ಇಂದಿರಾನಗರ, ಹಲಸೂರಿಗೆ ನೇರ ಬರುತ್ತೆ. ಟ್ರಾಫಿಕ್ ಅನ್ನೋ ನೆಪ ಅರ್ಧ ಹೋಯ್ತು. ವಾರಕ್ಕೊಂದು ಸಂಜೆ, ಎರಡು ಗಂಟೆ ಸಾಕು.

ಆಫರ್ ಲೆಟರ್ ಬಂದ ದಿನ ಪಾರ್ಟಿ ಮಾಡೋಣ. ಅಲ್ಲೇ ಮುಂದಿನ ಪ್ರಾಕ್ಟೀಸ್ ಯಾವತ್ತು ಅಂತಲೂ ಗೊತ್ತು ಮಾಡ್ಕೊಳ್ಳೋಣ.