ಮಗುವಿಗೆ ಮಾತ್ರೆ, ಶಾಲೆಗೆ ಏನು?

ಕುಳಿತಲ್ಲಿ ಕೂರದ, ಹೇಳಿದ ಮಾತು ಕೇಳದ, ಅರ್ಧ ಬರೆದ ಲೆಕ್ಕವನ್ನು ಬಿಟ್ಟು ಕಿಟಕಿಗೆ ಓಡುವ ಹುಡುಗನಿಗೆ ನಮ್ಮ ಕಡೆ ಬಹುಕಾಲ ಇದ್ದ ಚಿಕಿತ್ಸೆಗಳು ಎರಡೇ: ಶಾಲೆಯಲ್ಲಿ ಮಾಸ್ತರರ ಬೆತ್ತ, ಮನೆಯಲ್ಲಿ ಅಪ್ಪನ ಕೈ. ಈಚೆಗೆ ದೊಡ್ಡ ಊರುಗಳಿಂದ ಮೂರನೆಯದೊಂದು ಬಂದಿದೆ. ಹುಡುಗನಿಗೆ ಇರುವುದು ತುಂಟತನವಲ್ಲ, ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ಕಾಯಿಲೆ, ಎ.ಡಿ.ಎಚ್.ಡಿ. ಎಂದು ಅದರ ಹೆಸರು. ಅದಕ್ಕೆ ಮಾತ್ರೆ ಇದೆ, ಕೊಡಿಸಿ ಎಂದು ಶಾಲೆಯವರೇ ತಂದೆತಾಯಿಗಳನ್ನು ಕರೆಸಿ ಹೇಳುವುದುಂಟು. ಬೆತ್ತಕ್ಕಿಂತ ಮಾತ್ರೆ ಮೇಲಲ್ಲವೇ ಎಂದು ಯಾರಾದರೂ ಕೇಳಿದರೆ, ಮೇಲು ಎಂದೇ ನಮ್ಮ ಉತ್ತರ. ಆದರೆ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಮಾತ್ರೆ ಯಾರ ರೋಗಕ್ಕೆ? ಹುಡುಗನ ರೋಗಕ್ಕೋ, ಶಾಲೆಯ ರೋಗಕ್ಕೋ?

ನಮ್ಮ ಮಿತ್ರರಲ್ಲಿಯೇ ಕೆಲವರು, ಇದೆಲ್ಲ ಔಷಧ ಕಂಪನಿಗಳ ಸೃಷ್ಟಿ, ಇಂಥ ರೋಗವೇ ಇಲ್ಲ ಎಂದು ಒಂದೇ ಮಾತಿಗೆ ತೀರ್ಪು ಕೊಟ್ಟುಬಿಡುತ್ತಾರೆ. ಕೇಳಲು ಹಿತವಾದ ಮಾತು, ಆದರೆ ನಿಜವಲ್ಲ. ೧೯೦೨ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳನ್ನು ಕುರಿತು ಉಪನ್ಯಾಸ ಮಾಡಿದಾಗ ಮಾರುವುದಕ್ಕೆ ಯಾವ ಮಾತ್ರೆಯೂ ಇರಲಿಲ್ಲ. ಇದರಲ್ಲಿ ವಂಶದಿಂದ ಬರುವ ಪಾಲು ದೊಡ್ಡದೆಂದು ಅವಳಿ ಮಕ್ಕಳ ಅಧ್ಯಯನಗಳು ತೋರಿಸಿವೆ. ತೊಂದರೆ ತೀವ್ರವಾಗಿರುವ ಮಗು ಪಾಠದಲ್ಲಷ್ಟೇ ಸೋಲುವುದಿಲ್ಲ. ಹಿಂದುಮುಂದು ನೋಡದೆ ರಸ್ತೆಗೆ ನುಗ್ಗುತ್ತದೆ, ಗೆಳೆಯರನ್ನು ಕಳೆದುಕೊಳ್ಳುತ್ತದೆ, ದೊಡ್ಡದಾದ ಮೇಲೆ ಒಂದು ಕೆಲಸದಲ್ಲಿ ನಿಲ್ಲಲಾರದೆ ಹೋಗುತ್ತದೆ. ಅಂಥ ಮಗುವಿನ ತಾಯಿಯ ಮುಂದೆ ನಿಂತು, ಇದು ಬಂಡವಾಳಶಾಹಿಯ ಹುನ್ನಾರ ತಾಯಿ ಎಂದು ಭಾಷಣ ಮಾಡುವವನು ಆಕೆಗೆ ಯಾವ ಉಪಕಾರವನ್ನೂ ಮಾಡುತ್ತಿಲ್ಲ.

ಔಷಧ ಕೆಲಸ ಮಾಡುತ್ತದೆಂಬುದೂ ನಿಜ. ೧೯೩೭ರಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು ತಮ್ಮ ಆಸ್ಪತ್ರೆಯ ೩೦ ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕ ಔಷಧವನ್ನು ಕೊಟ್ಟು ನೋಡಿದರು. ಅರ್ಧದಷ್ಟು ಮಕ್ಕಳು ಓದಿನಲ್ಲಿ ಥಟ್ಟನೆ ಮುಂದೆ ಬಂದರು. ಮಕ್ಕಳೇ ಅದಕ್ಕೆ ‘ಲೆಕ್ಕದ ಮಾತ್ರೆ’ ಎಂದು ಹೆಸರಿಟ್ಟರಂತೆ. ೧೯೪೪ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನಶಾಸ್ತ್ರಜ್ಞ ಲಿಯಾಂಡ್ರೊ ಪಾನಿಜಾನ್ ಮೀಥೈಲ್‌ಫೆನಿಡೇಟ್ ಎಂಬ ದ್ರವ್ಯವನ್ನು ತಯಾರಿಸಿದರು. ಅವರ ಹೆಂಡತಿ ರೀಟಾಳ ಹೆಸರಿನಿಂದ ಅದು ರಿಟಾಲಿನ್ ಆಯಿತು. ಈ ಜಾತಿಯ ಔಷಧಗಳು ಹಸಿವನ್ನು ಕುಗ್ಗಿಸುತ್ತವೆ, ನಿದ್ದೆ ಕೆಡಿಸುತ್ತವೆ, ನಾಡಿಬಡಿತವನ್ನು ಏರಿಸುತ್ತವೆ, ಎತ್ತರದ ಬೆಳವಣಿಗೆಯನ್ನು ಸ್ವಲ್ಪ ತಡೆಯುತ್ತವೆ. ಇಷ್ಟಾದರೂ ನಿಜವಾಗಿ ಬೇಕಾದ ಮಗುವಿಗೆ, ಎಚ್ಚರದ ವೈದ್ಯರ ಕೈಯಲ್ಲಿ, ಅವುಗಳಿಂದ ಆಗುವ ಉಪಕಾರ ದೊಡ್ಡದು.

ಹಾಗಾದರೆ ತಕರಾರು ಎಲ್ಲಿ? ಬೇಕಾದ ಮಗು ಯಾವುದು ಎಂದು ಗೊತ್ತುಮಾಡುವ ತಕ್ಕಡಿಯಲ್ಲಿ.

ಕ್ಷಯಕ್ಕೆ ಕಫದ ಪರೀಕ್ಷೆ ಇದೆ, ಮಲೇರಿಯಾಕ್ಕೆ ರಕ್ತದ ಪರೀಕ್ಷೆ ಇದೆ. ಇದಕ್ಕೆ ಅಂಥದಾವುದೂ ಇಲ್ಲ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ೧೮ ಲಕ್ಷಣಗಳ ಪಟ್ಟಿ ಇದೆ: ಗಮನಕ್ಕೆ ಒಂಬತ್ತು, ಚಟುವಟಿಕೆಗೆ ಒಂಬತ್ತು. ಒಂದು ಕಡೆಯಲ್ಲಾದರೂ ಆರು ಲಕ್ಷಣ ಆರು ತಿಂಗಳ ಕಾಲ ಇರಬೇಕು. ಮನೆಯಲ್ಲೂ ಶಾಲೆಯಲ್ಲೂ, ಹೀಗೆ ಎರಡು ಕಡೆ ಕಾಣಬೇಕು. ಹನ್ನೆರಡು ವರ್ಷಕ್ಕೆ ಮುಂಚೆ ತೋರಿರಬೇಕು. ಅದರಿಂದ ಮಗುವಿನ ಬಾಳಿಗೆ ತೊಂದರೆಯಾಗುತ್ತಿರಬೇಕು. ನಿಯಮಗಳೇನೋ ಬಿಗಿಯಾಗಿಯೇ ಇವೆ. ಆದರೆ ಪ್ರತಿ ಲಕ್ಷಣದ ಜೊತೆಗೂ ‘ಆಗಾಗ’ ಎಂಬ ಒಂದು ಪದ ಅಂಟಿಕೊಂಡಿದೆ. ಆಗಾಗ ಎದ್ದು ಹೋಗುತ್ತಾನೆಯೇ? ಆಗಾಗ ವಸ್ತು ಕಳೆಯುತ್ತಾನೆಯೇ? ಇಪ್ಪತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಹುಡುಗ ನಾಲ್ಕು ಸಲ ಎದ್ದರೆ ಮಾಸ್ತರರು ಅವನನ್ನು ಬೋರ್ಡು ಒರೆಸಲು ಕರೆಯುತ್ತಾರೆ. ಅರವತ್ತು ಮಕ್ಕಳ ತರಗತಿಯಲ್ಲಿ ಅದೇ ನಾಲ್ಕು ಸಲ ರೋಗವಾಗಿ ಕಾಣುತ್ತದೆ. ಬಟ್ಟೆ ಅಂಗಡಿಯವನು ಬಿಸಿಲಿಗೆ ಹಿಗ್ಗುವ, ಮಳೆಗೆ ಕುಗ್ಗುವ ಗಜಕಡ್ಡಿ ಇಟ್ಟುಕೊಂಡರೆ ಗಿರಾಕಿಗಳು ಸುಮ್ಮನಿರುತ್ತಾರೆಯೇ?

ಇದು ಬರಿಯ ಊಹೆಯಲ್ಲ. ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯ ಪ್ರಾಂತದಲ್ಲಿ ೬ರಿಂದ ೧೨ ವಯಸ್ಸಿನ ಒಂಬತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ತೆಗೆದು ನೋಡಿ, ೨೦೧೨ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿ ಶಾಲೆಗೆ ಸೇರಲು ವರ್ಷದ ಗಡಿ ಡಿಸೆಂಬರ್ ೩೧. ಆದುದರಿಂದ ಜನವರಿಯಲ್ಲಿ ಹುಟ್ಟಿದವನು ತರಗತಿಗೆಲ್ಲ ದೊಡ್ಡವನು, ಡಿಸೆಂಬರಿನಲ್ಲಿ ಹುಟ್ಟಿದವನು ಎಲ್ಲರಿಗಿಂತ ಚಿಕ್ಕವನು. ಜನವರಿಯವರಿಗಿಂತ ಡಿಸೆಂಬರಿನ ಗಂಡುಮಕ್ಕಳಿಗೆ ಈ ರೋಗದ ಹೆಸರು ಶೇಕಡ ೩೦ರಷ್ಟು ಹೆಚ್ಚಾಗಿ ಅಂಟಿತ್ತು, ಹೆಣ್ಣುಮಕ್ಕಳಿಗೆ ಶೇಕಡ ೭೦ರಷ್ಟು. ಡಿಸೆಂಬರಿನಲ್ಲಿ ಹುಟ್ಟುವುದು ಯಾವ ಶಾಸ್ತ್ರದಲ್ಲಿ ರೋಗ? ಆರು ವರ್ಷದವನ ಪಕ್ಕದಲ್ಲಿ ಐದು ವರ್ಷದವನನ್ನು ಕೂರಿಸಿ, ಇವನು ಅವನಂತೆ ಕೂರುವುದಿಲ್ಲವೆಂದು ಔಷಧ ಬರೆದರು ಎಂದೇ ಇದರ ಅರ್ಥ. ೨೦೧೮ರಲ್ಲಿ ಅಮೆರಿಕದ ದಾಖಲೆಗಳಲ್ಲಿಯೂ ಇದೇ ಕಂಡಿತು. ನಮ್ಮ ರಾಜ್ಯದಲ್ಲಿ ಒಂದನೆಯ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು ತಂದೆತಾಯಿಗಳ ಒತ್ತಾಯದಿಂದ ಸರ್ಕಾರ ೨೦೨೫ರ ಏಪ್ರಿಲಿನಲ್ಲಿ ಆ ಒಂದು ಸಾಲಿಗೆ ಐದು ವರ್ಷ ಐದು ತಿಂಗಳಿಗೆ ಇಳಿಸಿತು. ಮಗುವಿಗೆ ಒಂದು ವರ್ಷ ‘ಉಳಿಯಿತು’ ಎಂದು ಸಂತೋಷಪಟ್ಟವರು ಈ ಕೆನಡಾದ ಲೆಕ್ಕವನ್ನು ಒಮ್ಮೆ ನೋಡಬೇಕು.

ಮಾತ್ರೆ ಕೊಟ್ಟ ಮೇಲೆ ಹುಡುಗ ಸುಧಾರಿಸಿದನಲ್ಲ, ಅದೇ ರೋಗಕ್ಕೆ ಸಾಕ್ಷಿಯಲ್ಲವೇ ಎಂಬ ವಾದವೂ ಇದೆ. ಇದೂ ನಿಲ್ಲುವುದಿಲ್ಲ. ೧೯೭೮ರಲ್ಲಿ ಅಮೆರಿಕದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯ ಜುಡಿತ್ ರಾಪೊಪೋರ್ಟ್ ಮತ್ತು ಸಂಗಡಿಗರು, ಯಾವ ತೊಂದರೆಯೂ ಇಲ್ಲದ ೧೪ ಹುಡುಗರಿಗೆ ಇದೇ ಜಾತಿಯ ಔಷಧ ಕೊಟ್ಟು ನೋಡಿದರು. ಅವರೂ ಹೆಚ್ಚು ಗಮನ ಕೊಟ್ಟರು, ಕಡಿಮೆ ಓಡಾಡಿದರು. ರಾತ್ರಿ ಪಾಳಿಯಲ್ಲಿ ಚಹಾ ಕುಡಿದು ಎಚ್ಚರವಾಗಿರುವ ಕೆಲಸಗಾರನಿಗೆ ‘ಚಹಾ ಕೊರತೆಯ ರೋಗ’ ಇದೆಯೆಂದು ಯಾರೂ ಹೇಳುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಅಮೆರಿಕ ಎಲ್ಲಿಗೆ ಬಂದು ನಿಂತಿದೆ? ೨೦೨೨ರ ಸರ್ಕಾರಿ ಸಮೀಕ್ಷೆಯ ಪ್ರಕಾರ ೩ರಿಂದ ೧೭ ವಯಸ್ಸಿನ ಮಕ್ಕಳಲ್ಲಿ ಶೇಕಡ ೧೧.೪ರಷ್ಟು, ಎಂದರೆ ಸುಮಾರು ೭೦ ಲಕ್ಷ ಮಕ್ಕಳಿಗೆ, ಒಂದಲ್ಲ ಒಂದು ಸಲ ಈ ಹೆಸರು ಬಿದ್ದಿದೆ. ಈಗಲೂ ರೋಗವಿದೆಯೆಂದು ಎಣಿಸಲಾದವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಔಷಧ ತೆಗೆದುಕೊಳ್ಳುತ್ತಿದ್ದರು. ಕಂಪನಿಗಳ ಪಾತ್ರ ಇದರಲ್ಲಿ ಸಣ್ಣದಲ್ಲ. ಮಾತ್ರೆ ತಿಂದರೆ ಮಗ ಓದಿನಲ್ಲಿ ಹಿಂದೆ ಬೀಳುವುದಿಲ್ಲ, ಮುಂದೆ ಅಪರಾಧ ಮಾಡುವುದಿಲ್ಲ ಎಂಬಂತೆ ಆಧಾರವಿಲ್ಲದ ಪ್ರಚಾರ ಮಾಡಿದರೆಂಬುದೂ ಸೇರಿದ ಆರೋಪಗಳನ್ನು ಶೈರ್ ಎಂಬ ಕಂಪನಿ ೨೦೧೪ರಲ್ಲಿ ೫ ಕೋಟಿ ೬೫ ಲಕ್ಷ ಡಾಲರ್ ಕಟ್ಟಿ, ವಿಚಾರಣೆಗೆ ಹೋಗದೆ ಇತ್ಯರ್ಥ ಮಾಡಿಕೊಂಡಿತು.

ಆದರೆ ಕಂಪನಿಯನ್ನು ಬೈದು ಸುಮ್ಮನಾಗುವುದು ಸುಲಭ. ಇನ್ನೊಂದು ಸಂಗತಿ ನಮಗೆ ಹೆಚ್ಚು ಹತ್ತಿರದ್ದು. ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದ ಸ್ಟೀಫನ್ ಹಿನ್‌ಷಾ ಮತ್ತು ರಿಚರ್ಡ್ ಷೆಫ್ಲರ್ ೨೦೧೪ರ ತಮ್ಮ ಪುಸ್ತಕದಲ್ಲಿ ತೋರಿಸಿಕೊಟ್ಟದ್ದೇನೆಂದರೆ, ಪರೀಕ್ಷೆಯ ಅಂಕಗಳ ಮೇಲೆ ಶಾಲೆಗಳಿಗೆ ಬಹುಮಾನ, ದಂಡನೆ ಎಂಬ ಕಾನೂನು ಬಂದ ರಾಜ್ಯಗಳಲ್ಲಿ ಬಡವರ ಮಕ್ಕಳಿಗೆ ಈ ರೋಗದ ಹೆಸರು ಬೀಳುವುದು ಏರಿತು. ಮಕ್ಕಳ ಮಿದುಳು ಕಾನೂನು ಪುಸ್ತಕ ಓದಿ ಕೆಡುವುದಿಲ್ಲ. ಕೆಟ್ಟದ್ದು ಶಾಲೆಯ ತಾಳ್ಮೆ. ಜಾರ್ಜಿಯ ರಾಜ್ಯದ ಒಬ್ಬ ಮಕ್ಕಳ ವೈದ್ಯರು ೨೦೧೨ರಲ್ಲಿ ಪತ್ರಿಕೆಯವರ ಮುಂದೆ ಇದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಶಾಲೆಯನ್ನು ಸರಿಮಾಡುವುದು ದುಬಾರಿಯೆಂದು ಸಮಾಜ ತೀರ್ಮಾನಿಸಿದೆ, ಆದ್ದರಿಂದ ಮಗುವನ್ನೇ ಸರಿಮಾಡಬೇಕಾಗಿದೆ ಎಂಬುದು ಅವರ ಮಾತಿನ ತಾತ್ಪರ್ಯ. ಆ ವೈದ್ಯರನ್ನು ನಾವು ದೂಷಿಸುವುದಿಲ್ಲ. ತಮ್ಮ ಮುಂದೆ ಬಂದ ಬಡ ಮಗುವಿಗೆ ಕೈಲಾದದ್ದನ್ನು ಅವರು ಮಾಡಿದರು. ಆದರೆ ಎಷ್ಟು ನಿಷ್ಠುರವಾದ ಲೆಕ್ಕ! ಮಾಸ್ತರರ ಸಂಬಳ ಉಳಿಯಿತು, ಅದರ ಬಾಬ್ತು ಮಗುವಿನ ಹಸಿವು ನಿದ್ದೆಗಳ ಖಾತೆಗೆ ಖರ್ಚು ಬಿತ್ತು.

ಹಾಗಾದರೆ ಮಾತ್ರೆಯ ಬದಲು ಏನು? ತಂದೆತಾಯಿ ಮತ್ತು ಶಿಕ್ಷಕರಿಗೆ ತರಬೇತಿ ಎನ್ನುತ್ತಾರೆ ಬಲ್ಲವರು: ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು, ಮಾಡಿದ ತಕ್ಷಣ ಮೆಚ್ಚುವುದು, ದಿನಚರಿ ತಪ್ಪಿಸದಿರುವುದು, ನಡುನಡುವೆ ಎದ್ದು ಓಡಾಡಲು ಬಿಡುವುದು. ನಾಲ್ಕೈದು ವರ್ಷದ ಮಕ್ಕಳಿಗೆ ಇದನ್ನೇ ಮೊದಲು ಮಾಡಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘವೇ ೨೦೧೧ರಲ್ಲಿ ಹೇಳಿತು. ೫೭೯ ಮಕ್ಕಳ ಮೇಲೆ ನಡೆದು ೧೯೯೯ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ೧೪ ತಿಂಗಳ ಕೊನೆಗೆ ರೋಗಲಕ್ಷಣಗಳ ಮಟ್ಟಿಗೆ ತರಬೇತಿಗಿಂತ ಔಷಧವೇ ಮುಂದಿತ್ತು. ಮೂರು ವರ್ಷದ ಲೆಕ್ಕ ೨೦೦೭ರಲ್ಲಿ ಬಂದಾಗ ಆ ಅಂತರ ಉಳಿದಿರಲಿಲ್ಲ. ನಡುವೆ ಎಷ್ಟೋ ಮಕ್ಕಳು ಚಿಕಿತ್ಸೆ ಬದಲಿಸಿಕೊಂಡಿದ್ದರೆಂಬುದನ್ನೂ ಹೇಳಬೇಕು.

ತರಬೇತಿ ಒಳ್ಳೆಯದೇ. ಆದರೆ ಅದಕ್ಕೆ ವಾರ ವಾರ ಬಿಡುವು ಬೇಕು. ಅಪ್ಪ ಎರಡನೆಯ ಪಾಳಿಯಲ್ಲಿ, ಅವ್ವ ಬೀಡಿ ಕಟ್ಟುವುದರಲ್ಲಿ ಇರುವ ಮನೆಯವರು ಎಂಟು ಹತ್ತು ವಾರ ಯಾವ ಹೊತ್ತಿನಲ್ಲಿ ಹೋಗಬೇಕು? ಕದ ಮುಚ್ಚಿದರೆ ಅಂದಿನ ವ್ಯಾಪಾರವೇ ಇಲ್ಲದ ಅಂಗಡಿಯವನು ಹೇಗೆ ಹೋಗಬೇಕು? ಮಾತ್ರೆಯನ್ನು ನುಂಗಿಸಲು ಅರ್ಧ ನಿಮಿಷ ಸಾಕು. ಬಿಡುವಿದ್ದವರ ಮಗನಿಗೆ ತರಬೇತಿ, ಇಲ್ಲದವರ ಮಗನಿಗೆ ಮಾತ್ರೆ ಎಂದು ಯಾರೂ ಕಾನೂನು ಮಾಡಬೇಕಾಗಿಲ್ಲ. ಗಡಿಯಾರವೇ ಅದನ್ನು ಮಾಡಿಬಿಡುತ್ತದೆ.

ನಮ್ಮಲ್ಲಿ ಸದ್ಯಕ್ಕೆ ದುಡಿಯುವವರ ಮಗನಿಗೆ ಆ ಮಾತ್ರೆಯೂ ದೂರ. ಮೀಥೈಲ್‌ಫೆನಿಡೇಟ್ ೧೯೮೫ರ ಮಾದಕ ವಸ್ತು ಕಾನೂನಿನ ಹಿಡಿತದಲ್ಲಿದೆ. ಆ ಬಿಗಿ ಬೇಕಾದದ್ದೇ. ಆದರೆ ಬರೆದುಕೊಡುವ ವೈದ್ಯರೇ ಹತ್ತಿರವಿಲ್ಲದ ಊರಿನಲ್ಲಿ ನಿಜವಾಗಿ ತೊಂದರೆ ಇರುವ ಮಗು ‘ದಡ್ಡ’, ‘ಪೋಕರಿ’ ಎಂಬ ಹೆಸರು ಹೊತ್ತು ಏಳನೆಯ ತರಗತಿಗೆ ಶಾಲೆ ಬಿಟ್ಟು ಗ್ಯಾರೇಜಿಗೆ ಹೋಗುತ್ತದೆ. ಅಮೆರಿಕದ ತಪ್ಪನ್ನು ನಾವು ಮಾಡುತ್ತಿಲ್ಲವೆಂದು ಹೆಮ್ಮೆಪಡಲು ಇದು ಕಾರಣವಲ್ಲ.

ಆದುದರಿಂದ ಓದುಗರಲ್ಲಿ ನಮ್ಮ ಸಲಹೆ ಇದು. ಶಾಲೆಯಿಂದ ಕರೆ ಬಂದರೆ ಹೆದರಬೇಡಿ, ಜಗಳಕ್ಕೂ ಹೋಗಬೇಡಿ. ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ನಿಮ್ಮ ಮಗು ವಯಸ್ಸಿನಲ್ಲಿ ಎಷ್ಟನೆಯದು ಎಂದು ಮೊದಲು ಕೇಳಿ. ಕಣ್ಣು, ಕಿವಿ, ರಕ್ತಹೀನತೆ, ನಿದ್ದೆ ಇವುಗಳ ಪರೀಕ್ಷೆ ಮಾಡಿಸಿ. ಕಾಗದದ ಹಲಗೆಯೇ ಕಾಣದ ಹುಡುಗ ಕಿಟಕಿಯಾಚೆ ನೋಡದೆ ಇನ್ನೇನು ಮಾಡಬೇಕು? ಮನೆಯಲ್ಲಿಯೂ ತೊಂದರೆ ಹಾಗೆಯೇ ಇದ್ದರೆ ತಡಮಾಡದೆ ಬಲ್ಲ ವೈದ್ಯರಲ್ಲಿಗೆ ಹೋಗಿ. ಅವರು ಹತ್ತು ನಿಮಿಷದಲ್ಲಿ ಚೀಟಿ ಬರೆದರೆ ಇನ್ನೊಬ್ಬರನ್ನು ನೋಡಿ. ಸಾವಧಾನವಾಗಿ ವಿಚಾರಿಸಿ ಔಷಧವೇ ಬೇಕೆಂದರೆ ನಾಚಿಕೆಯಿಲ್ಲದೆ ಕೊಡಿಸಿ, ಮಗುವಿನ ತೂಕ ಎತ್ತರಗಳನ್ನು ಬರೆದಿಡಿ.

೨೦೦೯ರ ಶಿಕ್ಷಣ ಹಕ್ಕಿನ ಕಾನೂನು ಕಿರಿಯ ತರಗತಿಗಳಲ್ಲಿ ೩೦ ಮಕ್ಕಳಿಗೆ ಒಬ್ಬ ಶಿಕ್ಷಕರು, ಶಾಲೆಗೊಂದು ಆಟದ ಮೈದಾನ ಎಂದು ಹೇಳಿದೆ, ಹೊಡೆಯುವುದನ್ನು ನಿಷೇಧಿಸಿದೆ. ಇದನ್ನು ಕೇಳಿ ಪಡೆಯುವುದು ಭಿಕ್ಷೆಯಲ್ಲ. ಇನ್ನು ವೈದ್ಯರ ಮಾತು. ೧೯೮೦ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಊರಿನ ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರ ತಂದಿತು. ೧೯೯೬ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆ ಕಾರ್ಯಕ್ರಮದಲ್ಲಿ ಮಕ್ಕಳಿಗಾಗಿ ತಿಂಗಳಿಗೊಂದು ದಿನವನ್ನಾದರೂ ತಾಲ್ಲೂಕು ಆಸ್ಪತ್ರೆಯಲ್ಲಿ ಗೊತ್ತುಮಾಡಿ, ಆ ದಿನವನ್ನು ಪ್ರತಿ ಶಾಲೆಯ ಬೋರ್ಡಿನ ಮೇಲೆ ಬರೆಯಿಸಬೇಕು. ಗಿರಣಿಯವರಿಗೆ ಇ.ಎಸ್.ಐ. ಇದೆ, ತಿಂಗಳ ಸಂಬಳದಿಂದ ವಂತಿಗೆ ಹಿಡಿಯುತ್ತಾರೆ, ಅದರಲ್ಲಿ ಮಕ್ಕಳ ಚಿಕಿತ್ಸೆಯೂ ಸೇರಿದೆ. ತಂದೆತಾಯಿಗಳ ತರಬೇತಿಯನ್ನು ಪಾಳಿ ಬಿಟ್ಟ ಹೊತ್ತಿಗೆ, ವಾರಕ್ಕೊಂದು ಸಂಜೆ, ಇ.ಎಸ್.ಐ. ಚಿಕಿತ್ಸಾಲಯದಲ್ಲಿಯೇ ನಡೆಸಬೇಕೆಂಬುದನ್ನು ಸಂಘಗಳು ತಮ್ಮ ಮುಂದಿನ ಬೇಡಿಕೆಪಟ್ಟಿಯಲ್ಲಿ ಬೋನಸ್ಸಿನ ಕೆಳಗಾದರೂ ಸೇರಿಸಲಿ. ಇ.ಎಸ್.ಐ. ಇಲ್ಲದ ಸಣ್ಣ ಅಂಗಡಿಯವರಿಗೂ ಆ ಸಂಜೆಯ ಬಾಗಿಲು ತೆರೆದಿರಬೇಕು.