ಕೇಕಿನ ಮೇಲಿನ ಫೋಟೊ ಮಗುವಿನ ಹೊಟ್ಟೆಗೇಕೆ?

ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಫೋಟೊ ಕೇಕ್ ತರಿಸುವುದು ಈಗ ಬೂದಿಕೋಟೆಯಂಥ ಊರಿಗೂ ಬಂದಿದೆ. ಮಗುವಿನ ಚಿತ್ರವನ್ನು ಮೊಬೈಲಿನಲ್ಲಿ ಬಂಗಾರಪೇಟೆಗೋ ರಾಬರ್ಟ್‌ಸನ್‌ಪೇಟೆಗೋ ಕಳಿಸಿದರೆ ಸಂಜೆಯೊಳಗೆ ಅದೇ ಮುಖ ಕೇಕಿನ ಮೇಲೆ ಬಂದು ಕೂರುತ್ತದೆ. ಮೊಮ್ಮಗನ ಮುಖಕ್ಕೆ ಚಾಕು ಹಾಕುವುದೇ ಎಂದು ಅಜ್ಜಿಯರು ಗೊಣಗುವುದುಂಟು. ಅವರ ಆಕ್ಷೇಪಣೆಗೆ ವೈದ್ಯಶಾಸ್ತ್ರದ ಆಧಾರವಿಲ್ಲ. ಆದರೂ ಆ ಮುಖವನ್ನು ಮಗುವಿಗೆ ತಿನ್ನಿಸಬೇಡಿ ಎಂಬುದು ನನ್ನ ಸಲಹೆಯೂ ಹೌದು. ಕಾರಣ ಮಾತ್ರ ಬೇರೆ.

ಈ ಚಿತ್ರ ಮೂಡುವುದು ಪಿಷ್ಟದಿಂದ ಮಾಡಿದ ತೆಳು ಹಾಳೆಯ ಮೇಲೆ, ಇಲ್ಲವೇ ಸಕ್ಕರೆ ಮತ್ತು ಪಿಷ್ಟ ಬೆರೆಸಿದ ಹಾಳೆಯ ಮೇಲೆ. ಕಂಪ್ಯೂಟರಿಗೆ ಜೋಡಿಸುವ ಇಂಕ್‌ಜೆಟ್ ಪ್ರಿಂಟರಿಗೆ ಮಾಮೂಲಿ ಶಾಯಿಯ ಬದಲು ನೀರು, ಗ್ಲಿಸರಿನ್ ಬೆರೆತ ಆಹಾರದ ಬಣ್ಣ ತುಂಬಿ ಅಚ್ಚು ಹಾಕುತ್ತಾರೆ. ಕೆನೆಯ ತೇವಕ್ಕೆ ಹಾಳೆ ಅಂಟಿಕೊಳ್ಳುತ್ತದೆ. ಇದಿಷ್ಟೇ ಆದರೆ ಗಾಬರಿಪಡುವಂಥದ್ದೇನೂ ಇಲ್ಲ. ಹಾಳೆಯ ಮೇಲಿನ ಬಣ್ಣದ ಪದರ ತೀರ ತೆಳು. ಅಂಚಿನಲ್ಲಿರುವ ಕಡುಗೆಂಪು ಕೆನೆಯ ಹೂವಿನಲ್ಲಿ ಅದಕ್ಕಿಂತ ಹೆಚ್ಚು ಬಣ್ಣ ಇದ್ದೀತು.

ತೊಂದರೆಯಿರುವುದು ನಮ್ಮ ಕಣ್ಣಿಗೆ ಬೀಳದ ಆ ಪ್ರಿಂಟರಿನಲ್ಲಿ. ನಿನ್ನೆಯವರೆಗೆ ಬಿಲ್ಲು, ಅರ್ಜಿ ಅಚ್ಚು ಹಾಕಿದ ಯಂತ್ರಕ್ಕೆ ಇಂದು ತಿನ್ನುವ ಬಣ್ಣ ತುಂಬಿದರೆ ಅದು ಅಡುಗೆಮನೆಯ ಪಾತ್ರೆಯಾಗುವುದಿಲ್ಲ. ಒಳಗಿನ ಸಣ್ಣ ಕೊಳವೆಗಳನ್ನು, ಶಾಯಿ ಚಿಮ್ಮುವ ರಂಧ್ರಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಲಾದೀತೇ? ಹಳೆಯ ಶಾಯಿ ಅಲ್ಲಿ ಉಳಿದೇ ಉಳಿಯುತ್ತದೆ. ಆ ಶಾಯಿಯನ್ನು ಯಾರೂ ಹೊಟ್ಟೆಗೆಂದು ತಯಾರಿಸಿಲ್ಲ.

ಕೇಕಿನ ಮೇಲೆ ಉದುರಿಸುವ ಚಿನ್ನದ ಬಣ್ಣದ ಹೊಳೆಯುವ ಪುಡಿಯ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಅಮೆರಿಕದ ರೋಡ್ ಐಲೆಂಡಿನಲ್ಲಿ 2018ರಲ್ಲಿ ಹುಟ್ಟುಹಬ್ಬದ ಕೇಕ್ ತಿಂದ ಆರು ಮಕ್ಕಳು ವಾಂತಿ, ಭೇದಿಯಿಂದ ನರಳಿದರು. ಹುಡುಕಿದಾಗ ಸಿಕ್ಕಿದ್ದು ಪುಡಿಯಲ್ಲಿದ್ದ ತಾಮ್ರ. ಮರುವರ್ಷ ಮಿಸೌರಿಯಲ್ಲಿ ಒಂದು ವರ್ಷದ ಮಗುವಿನ ರಕ್ತದಲ್ಲಿ ಸೀಸ ಏರಿತ್ತು. ಅದರ ಮೂಲವೂ ಕೇಕಿನ ಅಲಂಕಾರದ ಪುಡಿಯೇ. ಇಂಥ ಡಬ್ಬಿಗಳ ಮೇಲೆ ‘ನಾನ್ ಟಾಕ್ಸಿಕ್’ ಎಂದಿರುತ್ತದೆ. ವಿಷವಲ್ಲ ಎಂದರೆ ಆಹಾರ ಎಂದು ಅರ್ಥವಲ್ಲ. ಮಕ್ಕಳ ಬಣ್ಣದ ಪೆನ್ಸಿಲ್ ಮೇಲೂ ಅದೇ ಮಾತಿರುತ್ತದೆ!

ನಮ್ಮ ರಾಜ್ಯದ ಸಂಗತಿಗೆ ಬರೋಣ. 2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ 235 ಕೇಕ್ ಮಾದರಿಗಳನ್ನು ಪರೀಕ್ಷಿಸಿದಾಗ 12 ಅಸುರಕ್ಷಿತವೆಂದು ಕಂಡುಬಂದವು. ಕೇಕ್ ತಿಂದರೆ ಕ್ಯಾನ್ಸರ್ ಎಂದೇ ಆಗ ಸುದ್ದಿಯಾಯಿತು. ಅದು ಅತಿಯಾಯಿತು, ಉಳಿದ 223 ಸರಿಯಾಗಿಯೇ ಇದ್ದವಲ್ಲ. ಆಗ ಹೆಸರು ಕೇಳಿಬಂದ ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೊ, ಕಾರ್ಮೋಯಿಸಿನ್ ನಮ್ಮ ದೇಶದಲ್ಲಿ ಅನುಮತಿ ಇರುವ ಬಣ್ಣಗಳು. ಸಾಮಾನ್ಯವಾಗಿ ಒಂದು ಕಿಲೋ ತಿನಿಸಿಗೆ ಇಂಥ ಬಣ್ಣ 100 ಮಿಲಿಗ್ರಾಂ ಮೀರಬಾರದು. ಚಮಚದ ಅಂದಾಜಿನಲ್ಲಿ ಬಣ್ಣ ಸುರಿಯುವಾತನಿಗೆ ಮಿಲಿಗ್ರಾಮಿನ ಗೊಡವೆ ಎಲ್ಲಿ?

ಈ ಅಳತೆ ಕೂಸಿಗೆ ಏಕೆ ಮುಖ್ಯ ಎಂಬುದಕ್ಕೆ ಒಂದು ಲೆಕ್ಕ. ಎರಿಥ್ರೋಸಿನ್ ಎಂಬ ಕೆಂಪು ಬಣ್ಣ ದಿನಕ್ಕೆ, ದೇಹದ ತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ ದಾಟಬಾರದೆಂದು ಅಂತರರಾಷ್ಟ್ರೀಯ ತಜ್ಞರ ಸಮಿತಿ ಹೇಳಿದೆ. ಹತ್ತು ಕಿಲೋ ತೂಗುವ ಕೂಸಿಗೆ ಅದು 1 ಮಿಲಿಗ್ರಾಂ. ಕಿಲೋಗೆ 100 ಮಿಲಿಗ್ರಾಂ ಬಣ್ಣವಿರುವ ಕೇಕಿನ 50 ಗ್ರಾಂ ತುಂಡಿನಲ್ಲಿ 5 ಮಿಲಿಗ್ರಾಂ! ಒಂದು ದಿನ ತಿಂದರೆ ಅನಾಹುತವಿಲ್ಲ, ಏಕೆಂದರೆ ಆ ಮಿತಿ ಜೀವಮಾನವಿಡೀ ದಿನವೂ ತಿನ್ನುವುದನ್ನು ಲೆಕ್ಕಹಾಕಿ ಇಟ್ಟದ್ದು. ಆದರೆ ನಮ್ಮ ಪದ್ಧತಿ ನೋಡಿ: ಮನೆಯಲ್ಲಿ ಎಲ್ಲರಿಗಿಂತ ಚಿಕ್ಕ ದೇಹಕ್ಕೇ ಎಲ್ಲಕ್ಕಿಂತ ಬಣ್ಣದ ತುಂಡು, ‘ಹುಟ್ಟುಹಬ್ಬ ಅವನದೇ ಅಲ್ಲವೇ’ ಎಂಬ ಪ್ರೀತಿಯಿಂದ.

ಹುಟ್ಟುಹಬ್ಬದ ಮರುದಿನ ಮಗು ಹಸಿರಾಗಿ ಮಲವಿಸರ್ಜಿಸಿತೆಂದು ಹೆದರಿ ಬರುವ ತಾಯಂದಿರಿದ್ದಾರೆ. ನೀಲಿ ಕೆನೆ ತಿಂದಿದ್ದರೆ ಅದು ಸಹಜ, ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಮೈಮೇಲೆ ಪಿತ್ತದ ಗಂಧೆ ಎದ್ದರೆ, ಉಬ್ಬಸದ ಮಗುವಿಗೆ ಏದುಸಿರು ಹೆಚ್ಚಾದರೆ, ತುಟಿ ಊದಿದರೆ ಮಾತ್ರ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಬಣ್ಣವಿಲ್ಲದಿದ್ದರೆ ಗಿರಾಕಿ ಬರುವುದಿಲ್ಲ ಎಂಬುದು ಬೇಕರಿಯವರ ವಾದ. ಬಂಗಾರಪೇಟೆಯಲ್ಲಿ ನಿಂತು ಈ ಮಾತು ಹೇಳಬಾರದು. ಈ ಊರಿನ ಪಾನಿಪುರಿ ಹೆಸರಾದದ್ದೇ ಬಣ್ಣವಿಲ್ಲದ, ತಿಳಿನೀರಿನಂಥ ಪಾನಿಯಿಂದ!

ಫೋಟೊ ಕೇಕ್ ಬೇಕೇ ಬೇಕೆನ್ನುವವರು ಅಂಗಡಿಯಲ್ಲಿ ಎರಡು ಪ್ರಶ್ನೆ ಕೇಳಿ. ಈ ಪ್ರಿಂಟರ್ ಮೊದಲಿನಿಂದಲೂ ಕೇಕಿಗೆ ಮಾತ್ರ ಮೀಸಲೇ? ಬಣ್ಣದ ಬಾಟಲಿ ತೋರಿಸುವಿರಾ? ಬಾಟಲಿಯ ಮೇಲೆ ಒಳಗಿರುವ ಬಣ್ಣಗಳ ಹೆಸರು, ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು. ತೋರಿಸಲು ಹಿಂಜರಿದರೆ ಫೋಟೊ ಇಲ್ಲದ ಕೇಕನ್ನೇ ತನ್ನಿ. ಮಗುವಿನ ಚಿತ್ರವನ್ನು ದಪ್ಪ ಕಾಗದದಲ್ಲಿ ತೆಗೆಸಿ, ಕಡ್ಡಿಗೆ ಅಂಟಿಸಿ ಕೇಕಿಗೆ ಚುಚ್ಚಬಹುದು. ಆಮೇಲೆ ಅದನ್ನು ಆಲ್ಬಮ್ಮಿನಲ್ಲೂ ಇಡಬಹುದು. ಹಾಳೆಯ ಫೋಟೊ ಕೇಕೇ ಬಂದಿದ್ದರೆ, ಆ ಹಾಳೆಯನ್ನೂ ಅದರಡಿಯ ಬಣ್ಣ ಹಿಡಿದ ಕೆನೆಯನ್ನೂ ಚಾಕುವಿನಿಂದ ಎತ್ತಿ ತೆಗೆದು, ಉಳಿದ ಕೇಕನ್ನು ಮಗುವಿಗೆ ಕೊಡಿ.